ಮೇಜಿನ ಕೆಳಗಿನ ಜಾಗ

ಹರಿಣಿ ಮೂರನೇ ಕಿಟಕಿಯ ಚಿಲಕ ಹಾಕುತ್ತಿದ್ದಾಗ ಹಿಂದಿನಿಂದ ಯಾರೋ ಕೂಗಿದರು.

"ಏ! ಎಂತ ಮಾಡ್ತಿದ್ದೀಯೆ ನೀನು?"

ಅವಳು ತಿರುಗಿ ನೋಡಿದಳು. ಇಡೀ ಐದನೇ ಕ್ಲಾಸು ಡೆಸ್ಕುಗಳ ಕೆಳಗೆ ಮುದುಡಿ ಕೂತಿತ್ತು. ನಿಂತಿದ್ದವಳು ಅವಳೊಬ್ಬಳೇ. ಹೊರಗೆ ಮೈದಾನದ ಮೈಕಿನಲ್ಲಿ ಸೈರನ್ನು ಏರುತ್ತಾ ಇಳಿಯುತ್ತಾ ಇನ್ನೂ ಕೂಗುತ್ತಿತ್ತು.

ಸೈರನ್ ಕೇಳಿದ ಕೂಡಲೇ ಅವಳು ಎದ್ದಿದ್ದಳು. ಯಾರೋ ಕೆಳಗಿನಿಂದ ಸ್ಕರ್ಟ್ ಹಿಡಿದು ಎಳೆದರು. ಬಿಡಿಸಿಕೊಂಡು ಹೋಗಿ ಮೊದಲು ಬಾಗಿಲು ಹಾಕಿದಳು, ಅಗುಳಿಯನ್ನೂ ಹಾಕಿದಳು. ಆಮೇಲೆ ಒಂದೊಂದೇ ಕಿಟಕಿ.

"ಭೂಕಂಪ ಆದ್ರೆ ಡೆಸ್ಕಿನ ಕೆಳಗೆ ಕೂತ್ಕೊಳ್ಳೂದು. ಸೈರನ್ ನಿಂತ್ಮೇಲೆ ಹೊರಗೆ ಓಡೂದು. ನಿನ್ನೆ ಅಕ್ಕೋರು ಅಷ್ಟು ಹೇಳಿದ್ರಲ್ಲೆ!" ನೀತಾ ಡೆಸ್ಕಿನ ಕೆಳಗಿನಿಂದಲೇ ಬೈದಳು.

ನಿನ್ನೆ ಹರಿಣಿ ಶಾಲೆಗೆ ಬಂದಿರಲಿಲ್ಲ. ಜ್ವರ ಇತ್ತು. ಅದನ್ನು ಹೇಳಬೇಕು ಎನ್ನುವಷ್ಟರಲ್ಲಿ ಸೈರನ್ ನಿಂತಿತು. ಎಲ್ಲರೂ ಬಾಗಿಲಿಗೆ ಓಡಿದರು.

ಮಳೆಗಾಲದಲ್ಲಿ ಆ ಬಾಗಿಲನ್ನು ಯಾರೂ ಹಾಕುತ್ತಿರಲಿಲ್ಲ. ನೀರು ಕುಡಿದ ಮರ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಅದು ಶಾಲೆಗೆಲ್ಲ ಗೊತ್ತಿತ್ತು, ಜೂನ್ ಕೊನೆಗೆ ಹೊಸದಾಗಿ ಸೇರಿದ ಹರಿಣಿಯನ್ನು ಬಿಟ್ಟು. ಅಗುಳಿ ತೆಗೆದರೂ ಬಾಗಿಲು ಅಲುಗಲಿಲ್ಲ. ಹುಡುಗರು ಎಳೆದರು. ತಮ್ಮ ಮೇಜಿನ ಕೆಳಗಿನಿಂದ ಎದ್ದು ಬಂದ ಕ್ಲಾಸಿನ ಅನಘಾ ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಎಳೆದರು. ಕೊನೆಗೆ ಹೆಡ್‌ಮಾಸ್ತರು ಹೊರಗಿನಿಂದ ಭುಜ ಕೊಟ್ಟು ತಳ್ಳಿದಾಗ ಬಾಗಿಲು ಧಡ್ ಎಂದು ತೆರೆಯಿತು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದರು.

ಮೈದಾನದಲ್ಲಿ ಉಳಿದ ಕ್ಲಾಸುಗಳೆಲ್ಲ ಸಾಲಾಗಿ ನಿಂತಿದ್ದವು. ಅಭ್ಯಾಸ ಮಾಡಿಸಲು ಬಂದಿದ್ದವರು ಮೈಕಿನಲ್ಲಿ ಹೇಳಿದರು: "ಬನ್ನಿ, ಐದನೇ ಕ್ಲಾಸಿನವ್ರೆ, ಬನ್ನಿ. ಭೂಕಂಪ ಮುಗಿದು ಊಟದ ಹೊತ್ತಾಯ್ತು!"

ಇಡೀ ಶಾಲೆ ನಕ್ಕಿತು. ಹೆಡ್‌ಮಾಸ್ತರು ಮಾತ್ರ ನಗಲಿಲ್ಲ. "ಶನಿವಾರ ಐದನೇ ಕ್ಲಾಸು ಒಂದೇ, ಎಲ್ಲರ ಎದುರು ಮತ್ತೊಮ್ಮೆ ಮಾಡ್ಬೇಕು," ಎಂದರು.

ಸಂಜೆ ಗಂಟೆ ಹೊಡೆಯುವಷ್ಟರಲ್ಲಿ ಹರಿಣಿಗೆ ಹೊಸ ಹೆಸರು ಬಂದಿತ್ತು, ಕಿಟಕಿಗೆ ಆ ಕಡೆಯವರು ಹೇಳುವ ಹೆಸರೇ. ಕಿಡಕಿ.

"ಏ ಕಿಡಕಿ, ಮಳೆ ಒಳಗೆ ಬರ್ತಿದೆ, ಮುಚ್ಕೊಳ್ಳೆ!"

"ಕಿಡಕಿಬಾಯಿ, ಸ್ವಲ್ಪ ಗಾಳಿ ಬಿಡೇ ನಮ್ಗೂ!"

ಹರಿಣಿ ಬ್ಯಾಗನ್ನು ಎದೆಗೆ ಒತ್ತಿಕೊಂಡು ನಡೆದಳು. ಮಲ್ಲಾಪುರದಲ್ಲಿ ಸೈರನ್ ಆದರೆ ಹಾಗೇ ಮಾಡಬೇಕು ಎಂದು ಹೇಳಬಹುದಿತ್ತು. ಆದರೆ ಯಾಕೆ ಹಾಗೆ ಮಾಡಿದೆ ಎಂದು ಯಾರೂ ಕೇಳಲಿಲ್ಲ.

*

ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ಅವಳು ಹುಟ್ಟಿ ಬೆಳೆದಿದ್ದಳು. ಅಲ್ಲಿಯೂ ಆಗಾಗ ಸೈರನ್ನಿನ ಅಭ್ಯಾಸ ಇರುತ್ತಿತ್ತು. ಅದು ಭೂಕಂಪದ್ದಲ್ಲ, ಅಪ್ಪ ಕೆಲಸ ಮಾಡುತ್ತಿದ್ದ ಅಣುವಿದ್ಯುತ್ ಸ್ಥಾವರದ್ದು. ಸೈರನ್ ಆದರೆ ಮನೆಯೊಳಗೆ ಬರಬೇಕು, ಬಾಗಿಲು ಹಾಕಬೇಕು, ಕಿಟಕಿ ಹಾಕಬೇಕು, ಹೊರಗೆ ಹೋಗಕೂಡದು. ಹಾಲಿನ ದೊಡ್ಡ ಕಿಟಕಿ ಅಪ್ಪನದು. ಅಡುಗೆಮನೆಯದು ಅಮ್ಮನದು, ಹರಿಣಿ ಕರೆಯುವಂತೆ ಆಯಿಯದು. ಬಚ್ಚಲಿನ ಪುಟ್ಟ ಕಿಟಕಿ ಹರಿಣಿಯದು, ಬಕೆಟ್ ಬೋರಲು ಹಾಕಿ ಹತ್ತಬೇಕಿತ್ತು. ಆಮೇಲೆ ಮೂವರೂ ಮಂಚದ ಮೇಲೆ ಕೂತು, ಎರಡನೇ ಸೈರನ್ ಆಗುವವರೆಗೆ ಅವಲಕ್ಕಿ ಚೂಡಾ ತಿನ್ನುತ್ತಿದ್ದರು.

ಈ ಬೇಸಿಗೆಯಲ್ಲಿ ಅಪ್ಪನಿಗೆ ಹರಿಯಾಣಕ್ಕೆ ವರ್ಗವಾಯಿತು. ಕ್ವಾರ್ಟರ್ಸ್ ಬಿಡಬೇಕಾಯಿತು. ಆಯಿಯ ಕೆಲಸ ಕಾರವಾರದ ಒಂದು ವಿಮಾ ಆಫೀಸಿನಲ್ಲಿ. ಅದಕ್ಕೆ ಹತ್ತಿರವಾಗಲಿ ಎಂದು ಆಯಿ ಮತ್ತು ಹರಿಣಿ ಚಿತ್ತಾಕುಲಕ್ಕೆ ಬಂದರು. ಮಾಳಿಗೆಯ ಮೇಲೆ ಎರಡು ಕೋಣೆ. ಕೆಳಗಿನ ಮನೆಯವರು ಮುಂಬಯಿಯಲ್ಲಿದ್ದರು, ಅಲ್ಲಿಗೆ ಯಾವಾಗಲೂ ಬೀಗ.

ಶಾಲೆಯಿಂದ ಬಂದ ಹರಿಣಿ ತಾನೇ ಬೀಗ ತೆಗೆದು ಒಳಗೆ ಹೋಗುತ್ತಿದ್ದಳು. ದೀಪ ಹಾಕುತ್ತಿದ್ದಳು. ಆಯಿ ಸೇತುವೆ ದಾಟಿ ಬಸ್ಸಿನಲ್ಲಿ ಬರುವವರೆಗೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ.

ಆ ಹೊತ್ತಿಗೆ ಅವಳು ಆಯಿಯ ಹಳೆಯ ಫೋನು ತೆಗೆಯುತ್ತಿದ್ದಳು. ಅದರಲ್ಲಿ ಮೂವರದೇ ಒಂದು ಗ್ರೂಪ್ ಇತ್ತು. ಹೆಸರು 'ನಮ್ಮ ಕ್ವಾರ್ಟರ್ಸ್'. ಆ ಹೆಸರನ್ನು ಯಾರೂ ಬದಲಾಯಿಸಿರಲಿಲ್ಲ.

ಅವತ್ತೂ ತೆಗೆದಳು.

ಅಪ್ಪ: ನನ್ನ ಆಫೀಸ್ ಕಂಪ್ಯೂಟರ್ ಇವತ್ತು ಮತ್ತೆ ಮಲಗ್ತು. ಎಬ್ಸಿದ್ರೆ 'ಅಪ್‌ಡೇಟ್ ಆಗ್ತಿದೆ, ಕಾಯಿರಿ' ಹೇಳ್ತು. ಎರಡು ಸಲ ಚಾ ಕುಡಿದು ಬಂದೆ.

ಆಯಿ: ನಿಮ್ದು ಅಪ್‌ಡೇಟ್ ಆದ್ರೂ ಆಗ್ತದೆ. ನಂದರ ಫ್ಯಾನ್ ಸದ್ದು ಕೇಳಿ ಇವತ್ತು ಒಬ್ರು, ಆಫೀಸಲ್ಲಿ ಮಿಕ್ಸರ್ ಇಟ್ಟಿದ್ದೀರಾ ಹೇಳಿ ಕೇಳಿದ್ರು.

ಅಪ್ಪ: ಹೌದು ಹೇಳು. ಚಟ್ನಿ ಮಾಡಿ ಕೊಡು.

ಆಯಿ: ಕೀಬೋರ್ಡಲ್ಲಿ ಇರುವೆ ಇದ್ದಾವೆ. ಇರುವೆ ಚಟ್ನಿ ಆಗ್ಬಹುದಾ?

ದಿನವೂ ಹೀಗೇ. ಅಪ್ಪನ ಕಂಪ್ಯೂಟರು, ಆಯಿಯ ಕಂಪ್ಯೂಟರು. ಮಲ್ಲಾಪುರದಲ್ಲಿದ್ದಾಗ ಇಬ್ಬರೂ ಆಫೀಸಿನ ಮಾತನ್ನೇ ಆಡುತ್ತಿರಲಿಲ್ಲ. ತರಕಾರಿ, ಗ್ಯಾಸು, ಪಕ್ಕದ ಮನೆಯ ಬೆಕ್ಕು, ಇಂಥದೇ ಮಾತು. ಈಗ ತರಕಾರಿ ಬೇರೆ ಬೇರೆ, ಬೆಕ್ಕು ಯಾರದೂ ಅಲ್ಲ. ಕಂಪ್ಯೂಟರ್ ಮಾತ್ರ ಇಬ್ಬರಿಗೂ ಇತ್ತು.

ಅಪ್ಪ: ಪುಟ್ಟಾ, ಶಾಲೆ ಹೇಗಿತ್ತು?

ಹರಿಣಿ 'ಅಪ್ಪಾ ಇವತ್ತು' ಎಂದು ಬರೆದಳು. ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಹೆಬ್ಬೆರಳು ಎತ್ತಿದ ಒಂದು ಹಳದಿ ಚಿತ್ರ ಕಳಿಸಿದಳು. ಅಪ್ಪನೂ ಒಂದು ಹೆಬ್ಬೆರಳು ಕಳಿಸಿದ.

*

ಶುಕ್ರವಾರ ಊಟದ ಬಿಡುವಿನಲ್ಲಿ ನೀತಾ ಬಂದು ಎದುರಿಗೆ ನಿಂತಳು.

"ಅಗೋ ಕಿಡಕಿ, ನಾಳೆ ನೀ ಬರ್ತೀಯಾ?"

ಹರಿಣಿ ಡಬ್ಬಿ ಮುಚ್ಚಿದಳು. "ಯಾಕೆ?"

"ಸುಮ್ನೆ ಕೇಳ್ದೆ. ನೀ ಬಂದ್ರೆ ನಾವೆಲ್ಲ ಮತ್ತೆ ಒಳಗೇ ಸಾಯ್ಬೇಕಲ್ಲ! ರಜೆ ಹಾಕೇ ಮಾರಾಯ್ತಿ. ನಿಂಗೂ ಒಳ್ಳೇದು, ನಮ್ಗೂ ಒಳ್ಳೇದು."

ನೀತಾಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಹರಿಣಿಗೂ ಅದೇ ಸರಿ ಅನ್ನಿಸಿತು. ಸೈರನ್ ಆದಾಗ ಕೈಗಳು ಮತ್ತೆ ಕಿಟಕಿಗೇ ಹೋದರೆ? ಈ ಸಲ ಇಡೀ ಶಾಲೆ ನೋಡುತ್ತಿರುತ್ತದೆ.

ಮನೆಗೆ ಬಂದವಳೇ ಕನ್ನಡಿಯ ಎದುರು ನಿಂತು ಹೊಟ್ಟೆ ಹಿಡಿದುಕೊಂಡಳು. "ಆಯೀ, ತುಂಬಾ ನೋಯ್ತಿದೆ." ಸರಿ ಬರಲಿಲ್ಲ. ಮುಖವನ್ನು ಇನ್ನಷ್ಟು ಹಿಂಡಿದಳು. "ಆಯೀ..."

ಆಗ ಫೋನು ಟಿಣ್ ಎಂದಿತು.

ಅಪ್ಪ: ಇಲ್ಲಿ ಮಧ್ಯಾಹ್ನ ಸಣ್ಣ ಭೂಕಂಪ ಆಯ್ತು. ಯಾರಿಗೂ ಎಂತ ಆಗ್ಲಿಲ್ಲ. ಟಿವಿಯಲ್ಲಿ ನೋಡಿ ಗಾಬರಿ ಆಗ್ಬೇಡಿ.

ಹರಿಣಿ ಹೊಟ್ಟೆಯಿಂದ ಕೈ ತೆಗೆದಳು.

ಆಯಿ: ಅಯ್ಯೋ ದೇವ್ರೆ. ನೀವು ಎಲ್ಲಿದ್ರಿ?

ಅಪ್ಪ: ರೂಮಲ್ಲೇ. ಆಫೀಸಿನವ್ರು ರೂಮಿಗೂ ಒಂದು ಕಂಪ್ಯೂಟರ್ ಕೊಟ್ಟಿದ್ದಾರಲ್ಲ, ಇವತ್ತು ಇಲ್ಲಿಂದ್ಲೇ ಕೆಲಸ ಇತ್ತು. ನಾನು ನಡುಗ್ಲಿಲ್ಲ, ಆಫೀಸ್ ಕಂಪ್ಯೂಟರ್ ಮಾತ್ರ ನಡುಗ್ತು. ಅದಕ್ಕೆ ಬಾಸ್ ನೆನಪಾದ್ರು ಕಾಣ್ತದೆ.

ಆಯಿ: ತಮಾಷೆ ಸಾಕು. ಮಂಚದ ಹತ್ರ ಚಪ್ಪಲಿ ಇಟ್ಕೊಳ್ಳಿ, ಟಾರ್ಚ್ ಇಟ್ಕೊಳ್ಳಿ. ಬಾಟ್ಲಿಯಲ್ಲಿ ನೀರು ತುಂಬ್ಸಿ ಇಡಿ. ಕಪಾಟಿನ ಮೇಲಿನ ಪೆಟ್ಟಿಗೆ ಮೊದ್ಲು ಕೆಳಗೆ ಇಳ್ಸಿ. ತಲೆ ಮೇಲೆ ಬಿದ್ರೆ?

ಅಪ್ಪ: ಅದ್ರಲ್ಲಿ ನೀ ಕೊಟ್ಟ ಉಪ್ಪಿನಕಾಯಿ ಭರಣಿ ಇದೆ. ಅದು ಬಿದ್ರೆ ಭೂಕಂಪಕ್ಕಿಂತ ದೊಡ್ಡ ನಷ್ಟ.

ಆಯಿ: ಇಳ್ಸಿ ಹೇಳ್ದೆ. ನನ್ನ ಬಸ್ ಬಂತು. ಮನೆಗೆ ಹೋಗಿ ಫೋನ್ ಮಾಡ್ತೆ.

ಹರಿಣಿ ಎಲ್ಲವನ್ನೂ ಓದಿ ಒಂದೇ ಸಾಲು ಬರೆದಳು.

ಹರಿಣಿ: ಅಪ್ಪಾ ನೀನು ಟೇಬಲ್ ಕೆಳಗೆ ಕೂತ್ಯಾ?

ಅಪ್ಪ ಬರೆಯುತ್ತಿದ್ದಾನೆ ಎಂದು ಫೋನು ತೋರಿಸಿತು. ನಿಂತಿತು. ಮತ್ತೆ ಬರೆಯುತ್ತಿದ್ದಾನೆ ಎಂದಿತು. ಮತ್ತೆ ನಿಂತಿತು. ಹರಿಣಿಗೆ ಅದು ಗೊತ್ತಿತ್ತು. ಬರೆದು ಅಳಿಸುವುದು ಹಾಗೇ ಕಾಣುತ್ತದೆ.

ಕೊನೆಗೆ ಉತ್ತರ ಬಂದದ್ದು ಗ್ರೂಪಿಗಲ್ಲ, ಅವಳೊಬ್ಬಳಿಗೇ. ವಾಯ್ಸ್ ಮೆಸೇಜು.

"ಪುಟ್ಟಾ, ಆಯಿಗೆ ಈಗ್ಲೇ ಹೇಳ್ಬೇಡ, ಹೆದರ್ತಾಳೆ. ನಾನೇ ನಿಧಾನಕ್ಕೆ ಹೇಳ್ತೆ. ಊಟ ಆದ್ಮೇಲೆ ಸ್ವಲ್ಪ ಕಣ್ಣು ಮುಚ್ಚಿದ್ದೆ. ಬಿಲ್ಡಿಂಗಿನ ಸೈರನ್ ಆಯ್ತು. ನಿದ್ದೆಗಣ್ಣಲ್ಲಿ ಎದ್ದು ಎಂತ ಮಾಡ್ದೆ ಗೊತ್ತಿದ್ಯಾ? ಕಿಡಕಿ ಎಲ್ಲಾ ಹಾಕ್ದೆ! ಬಾಗಿಲಿಗೆ ಬೋಲ್ಟ್ ಹಾಕಿ ಮಂಚದ ಮೇಲೆ ಕೂತೆ. ನಮ್ಮ ಮಲ್ಲಾಪುರದ ಹಾಗೆ. ಎರಡನೇ ಸೈರನ್ ಆಗ್ಲಿ ಹೇಳಿ ಕಾಯ್ತಾ ಇದ್ದೆ. ಆಗ್ಲೇ ಇಲ್ಲ. ಎದ್ದು ಕೆಳಗೆ ನೋಡ್ತೆ, ಇಡೀ ಬಿಲ್ಡಿಂಗಿನವ್ರು ಅಂಗಳದಲ್ಲಿ ನಿಂತಿದ್ದಾರೆ. ಒಬ್ರು ದೊಡ್ಡಕ್ಕೆ, ಎಲ್ಲಾ ಬಂದ್ರಾ ಹೇಳಿ ಹಿಂದಿಯಲ್ಲಿ ಕೇಳಿದ್ರು. ಉಳಿದವ್ರು, ಎಲ್ಲಾ ಬಂದ್ರು ಅಂದ್ರು."

ಅಪ್ಪ ನಕ್ಕ. ನಗು ಬೇಗ ಮುಗಿಯಿತು.

ಹರಿಣಿಗೆ ಮೊದಲು ನಗು ಬಂತು. ಅಪ್ಪ ಕೂಡ ಕಿಡಕಿ! ಇನ್ನೊಮ್ಮೆ ಕೇಳಿದಳು. ಈ ಸಲ ನಗು ಬರಲಿಲ್ಲ. ಎಲ್ಲಾ ಬಂದ್ರು. ಅಪ್ಪ ಮೇಲೆ, ಮುಚ್ಚಿದ ಕಿಟಕಿಯ ಹಿಂದೆ ನಿಂತು ಅದನ್ನು ಕೇಳಿಸಿಕೊಂಡಿದ್ದ.

ಅವಳು ಬರೆಯತೊಡಗಿದಳು. ಈ ಸಲ ಏನನ್ನೂ ಅಳಿಸಲಿಲ್ಲ.

'ಅಪ್ಪಾ ನಾನೂ. ಮಂಗಳವಾರ ಶಾಲೆಯಲ್ಲಿ. ನಾನೂ ಕಿಡಕಿ ಹಾಕ್ದೆ.' ಬಾಗಿಲು ಉಬ್ಬಿದ್ದು, ಹೆಡ್‌ಮಾಸ್ತರು ತಳ್ಳಿದ್ದು, ಹೊಸ ಹೆಸರು ಬಂದದ್ದು, ಎಲ್ಲವನ್ನೂ ಬರೆದಳು. ನಾಳೆ ಮತ್ತೆ ಅಭ್ಯಾಸ ಇದೆ ಎಂಬುದನ್ನೂ ಬರೆದಳು. ಹೊಟ್ಟೆನೋವಿನ ವಿಷಯ ಮಾತ್ರ ಬರೆಯಲಿಲ್ಲ.

ಅಪ್ಪ: ಅಗುಳಿ ಸಮೇತ ಹಾಕಿದ್ಯಾ?

ಹರಿಣಿ: ಹೂಂ.

ಅಪ್ಪ: ಭೇಷ್! ಮಲ್ಲಾಪುರ ಆಗಿದ್ರೆ ನಿಂಗೇ ಫಸ್ಟ್ ಪ್ರೈಜ್.

ಹರಿಣಿ ಖಾಲಿ ಮನೆಯಲ್ಲಿ ಒಬ್ಬಳೇ ನಕ್ಕಳು. ನಕ್ಕ ಸದ್ದು ತನಗೇ ಹೊಸದಾಗಿ ಕೇಳಿಸಿತು.

ಹರಿಣಿ: ಇನ್ನು ಹಾಗೆ ಮಾಡ್ಬಾರ್ದು. ಟೇಬಲ್ ಕೆಳಗೆ ಕೂತ್ಕೊಳ್ಬೇಕು. ಅಕ್ಕೋರು ಹೇಳಿದ್ದಾರೆ. ನಿನ್ನ ಹತ್ರ ಟೇಬಲ್ ಇದೆಯಲ್ಲ?

ಅಪ್ಪ: ಒಂದೇ ಇದೆ. ಅದ್ರ ಕೆಳಗೆ ಆಫೀಸ್ ಕಂಪ್ಯೂಟರಿನ ಡಬ್ಬ, ಯುಪಿಎಸ್, ಒಂದು ರಾಶಿ ವಯರು. ಜಾಗ ಇಲ್ಲ.

ಹರಿಣಿ: ಅದನ್ನ ಯಾಕೆ ಅಲ್ಲಿ ಇಟ್ಟಿದ್ದೀ?

ಅಪ್ಪ: ಆಫೀಸಿಂದು ಅಲ್ವಾ ಪುಟ್ಟಾ. ಮೇಲೆ ಇಟ್ರೆ ಬಿದ್ದು ಒಡೆದ್ರೆ? ಕೆಳಗೆ ಸೇಫ್.

ಹರಿಣಿ ಆ ಸಾಲನ್ನೇ ನೋಡುತ್ತಾ ಕೂತಳು. ಆಮೇಲೆ ನಿಧಾನವಾಗಿ ಬರೆದಳು.

ಹರಿಣಿ: ಕಂಪ್ಯೂಟರಿಗೆ ಜಾಗ ಇದೆ. ನಿಂಗೆ ಇಲ್ವಾ?

ಹೊರಗೆ ಮಳೆ ಜೋರಾಯಿತು. ಹೊಳೆಯ ಆಚೆಗೆ ಕಾರವಾರದ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಅಪ್ಪನಿಗೆ ಬೇಜಾರಾಯಿತೇನೋ ಎಂದು ಹರಿಣಿ ಉಗುರು ಕಚ್ಚಿದಳು.

ಆಮೇಲೆ ಒಂದು ಫೋಟೊ ಬಂತು.

ಮೇಜಿನ ಕೆಳಗಿನಿಂದ ತೆಗೆದದ್ದು. ಅಪ್ಪನ ಗದ್ದ, ಅಪ್ಪನ ಮೊಣಕಾಲು, ಓರೆಯಾದ ಕನ್ನಡಕ. ಕಂಪ್ಯೂಟರಿನ ಕಪ್ಪು ಡಬ್ಬ ಗೋಡೆಯ ಬಳಿ ನೆಲದ ಮೇಲಿತ್ತು, ಸುತ್ತಲೂ ತಲೆದಿಂಬು ಇಟ್ಟಿದ್ದ. ಹಿಂದೆ ಕೋಣೆ ಕಾಣುತ್ತಿತ್ತು. ಒಂದು ಕುರ್ಚಿ. ತೊಳೆದು ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ. ಕಿಟಕಿ ಇನ್ನೂ ಮುಚ್ಚಿಯೇ ಇತ್ತು.

ಅಪ್ಪ: ಈಗ ಸರಿಯಾ ಅಕ್ಕೋರೆ?

ಹರಿಣಿ: ಟೇಬಲ್ ಕಾಲು ಹಿಡ್ಕೊಳ್ಬೇಕು.

ಅಪ್ಪ: ಒಂದು ಕೈಯಲ್ಲಿ ಟೇಬಲ್, ಒಂದು ಕೈಯಲ್ಲಿ ಫೋನ್. ಬೆನ್ನು ತುರಿಸ್ತಿದೆ, ಎಂತ ಮಾಡ್ಲಿ?

ಹರಿಣಿ ತಮ್ಮ ಮನೆಯ ಊಟದ ಮೇಜಿನ ಕೆಳಗೆ ತೂರಿಕೊಂಡಳು. ಅದೂ ಕ್ವಾರ್ಟರ್ಸಿನಿಂದಲೇ ಬಂದ ಮೇಜು. ಅಡಿಯಲ್ಲಿ ಅವಳು ಸಣ್ಣವಳಿದ್ದಾಗ ಬಳಪದಲ್ಲಿ ಬರೆದ ಮೂರು ಗೊಂಬೆಗಳು ಹಾಗೇ ಇದ್ದವು.

ಹರಿಣಿ: ನಾನೂ ಈಗ ಟೇಬಲ್ ಕೆಳಗೆ ಇದ್ದೇನೆ.

ಅಪ್ಪ: ಒಳ್ಳೇದು. ಸ್ವಲ್ಪ ಹೊತ್ತು ಇಲ್ಲೇ ಕೂರುವ.

ಕೂತರು.

ಹರಿಣಿ: ಅಪ್ಪಾ, ಕೆಳಗೆ ಹೋಗಿ ನಿನ್ನ ಹೆಸ್ರು ಹೇಳಿ ಬಾ. ಮೇಲೆ ನಾನೊಬ್ಬ ಇದ್ದೇನೆ ಹೇಳು. ಇನ್ನೊಂದ್ಸಲ ಆದ್ರೆ ಅವ್ರಿಗೆ ಗೊತ್ತಾಗ್ಬೇಕಲ್ಲ.

ಅಪ್ಪ: ನನ್ನ ಹಿಂದಿ ಕೇಳಿದ್ರೆ ಇನ್ನೊಂದು ಭೂಕಂಪ ಇವತ್ತೇ ಆಗ್ತದೆ.

ಹರಿಣಿ: ಆದ್ರೂ ಹೋಗು.

ಅಪ್ಪ: ಸರಿ, ಹೋಗ್ತೆ. ನೀನು ನಾಳೆ ಶಾಲೆಗೆ ಹೋಗ್ತೀಯಲ್ಲ?

ಹರಿಣಿಯ ಬೆರಳು ನಿಂತಿತು. ನಾಳೆ ಹೋಗದೆ ಉಳಿಯುವ ಯೋಚನೆಯನ್ನು ಅವಳು ಬರೆದೇ ಇರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಆಯಿ ಕೊಡೆಯ ನೀರು ಕೊಡವುತ್ತಾ ಒಳಗೆ ಬಂದಳು. ಮೇಜಿನ ಕೆಳಗೆ ಎರಡು ಕಾಲು ಕಂಡು ನಿಂತಳು.

"ಎಂತದೆ ಅದು? ಅಲ್ಲೆಂತ ಹುಡುಕ್ತಿದ್ದೀ?"

"ಜಾಗ ಇದ್ಯಾ ನೋಡ್ತಿದ್ದೆ, ಆಯಿ."

ಆಯಿ ಬ್ಯಾಗನ್ನು ಹೆಗಲಿನಿಂದ ಇಳಿಸಲಿಲ್ಲ. ಒದ್ದೆ ಸೀರೆಯಲ್ಲೇ ಬಗ್ಗಿ ಕೆಳಗೆ ಇಣುಕಿದಳು. "ನಂಗೂ ಆಗ್ತದೋ ಇಲ್ವೋ?"

ಹರಿಣಿ ಸ್ವಲ್ಪ ಒಳಕ್ಕೆ ಸರಿದಳು.

*

ಶನಿವಾರ ಬೆಳಿಗ್ಗೆ ಫೋನಿನಲ್ಲಿ ಅಪ್ಪನ ಮೆಸೇಜು ಕಾದಿತ್ತು.

ಅಪ್ಪ: ಹೇಳಿ ಬಂದೆ. ಕೆಳಗಿನ ಮನೆಯಲ್ಲಿ ಒಬ್ರು ಅಜ್ಜಿ ಇದ್ದಾರೆ. ಒಳಗೆ ಕರೆದು ಚಾ ಕೊಟ್ರು. ನನ್ನ ಹೆಸ್ರು ಹೇಳ್ದೆ. ಅವ್ರ ಹೆಸ್ರು ಕೇಳೂದು ಮರ್ತೆ.

ಹರಿಣಿ: ಮತ್ತೆ ಹೋಗು.

ಅಷ್ಟು ಬರೆದು ಅವಳು ಯೂನಿಫಾರ್ಮ್ ಹಾಕಿಕೊಂಡಳು. ಹೊಟ್ಟೆ ನಿಜವಾಗಿಯೂ ಸ್ವಲ್ಪ ನೋಯುತ್ತಿತ್ತು. ಆದರೂ ಆಯಿಗೆ ಹೇಳಲಿಲ್ಲ.

ಬೇರೆ ಕ್ಲಾಸಿನವರೆಲ್ಲ ಜಗಲಿಯಲ್ಲಿ ನಿಂತು ಕಿಟಕಿಯ ಸರಳುಗಳ ಮಧ್ಯೆ ಮೂಗು ತೂರಿಸಿ ನೋಡುತ್ತಿದ್ದರು. ಸೈರನ್ ಆಯಿತು. ಹರಿಣಿಯ ಕೈಗಳು ಎದ್ದವು. ಅವಳು ಎರಡನ್ನೂ ಎಳೆದುಕೊಂಡು ಡೆಸ್ಕಿನ ಕಾಲಿಗೆ ಸುತ್ತಿದಳು. ಕೆಳಗೆ ಕೂತಳು.

"ಏ ಕಿಡಕಿ, ಇವತ್ತು ಹಾಕೂದಿಲ್ವನೆ?" ನೀತಾ ಪಕ್ಕದ ಡೆಸ್ಕಿನ ಕೆಳಗಿನಿಂದ ಪಿಸುಗುಟ್ಟಿದಳು.

"ಸೆಕೆ ಆಗ್ತಿದೆ, ತೆರೆದೇ ಇರ್ಲಿ," ಎಂದಳು ಹರಿಣಿ.

ನೀತಾ ಕಿಸಕ್ಕನೆ ನಕ್ಕಳು. ಹರಿಣಿಯ ಮೊಣಕೈಗೆ ಇನ್ನೊಂದು ಮೊಣಕೈ ತಾಗಿತು. ಅದೇ ಡೆಸ್ಕಿನ ಹುಡುಗಿ, ಗಿಡ್ಡ ಜಡೆಯವಳು, ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ಅವತ್ತು ನಾನೇ ನಿನ್ನ ಸ್ಕರ್ಟ್ ಎಳೆದದ್ದು," ಎಂದು ಆ ಹುಡುಗಿ ಕಿವಿಯ ಹತ್ತಿರ ಹೇಳಿದಳು. "ಕೂತ್ಕೋ ಹೇಳಿ. ನೀ ನೋಡ್ಲೇ ಇಲ್ಲ."

ಸೈರನ್ ನಿಂತಿತು. ಎಲ್ಲರೂ ತೆರೆದ ಬಾಗಿಲಿನಿಂದ ಓಡಿ ಮೈದಾನದಲ್ಲಿ ಸಾಲು ನಿಂತರು. ಸಣ್ಣಗೆ ಮಳೆ ಬೀಳುತ್ತಿತ್ತು. ಅನಘಾ ಅಕ್ಕೋರು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತಾ ಬಂದರು. ಅವರ ಕೈ ಹರಿಣಿಯ ತಲೆಯ ಮೇಲೂ ಒಂದು ಕ್ಷಣ ಕೂತು ಮುಂದೆ ಹೋಯಿತು.

"ಎಲ್ಲಾ ಬಂದ್ರಾ?" ಹೆಡ್‌ಮಾಸ್ತರು ಕೇಳಿದರು.

"ಬಂದ್ರೂ..." ಇಡೀ ಕ್ಲಾಸು ಕೂಗಿತು.

ಹರಿಣಿ ಕೂಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗಿಡ್ಡ ಜಡೆಯವಳನ್ನು ನೋಡಿದಳು. ಇಷ್ಟು ದಿನ ಒಂದೇ ಡೆಸ್ಕು. ಅವಳ ಕಂಪಾಸ್ ಪೆಟ್ಟಿಗೆಯ ಮೇಲೆ ಮೀನಿನ ಚಿತ್ರ ಇರುವುದು ಹರಿಣಿಗೆ ಗೊತ್ತಿತ್ತು. ಹಾಜರಿಯಲ್ಲಿ ಅಕ್ಕೋರು ನಂಬರ್ ಕರೆಯುತ್ತಿದ್ದರು, ಹೆಸರಲ್ಲ. ಆ ಹೊತ್ತಿನಲ್ಲೆಲ್ಲ ಹರಿಣಿ ಕಿಟಕಿಯ ಹೊರಗೆ ನೋಡುತ್ತಿರುತ್ತಿದ್ದಳು.

"ನಿನ್ನ ಹೆಸ್ರು ಎಂತ?"

ಆ ಹುಡುಗಿ ಕಣ್ಣು ದೊಡ್ಡದು ಮಾಡಿದಳು. "ದಿನಾ ನಿನ್ನ ಪಕ್ಕದಲ್ಲೇ ಕೂತ್ಕೊಳ್ತೇನೆ ಮಾರಾಯ್ತಿ! ಈಗ ಕೇಳ್ತೀಯಾ?"

"ಕೇಳೂದು ಮರ್ತಿದ್ದೆ," ಎಂದಳು ಹರಿಣಿ.

"ಪ್ರಗತಿ," ಎಂದಳು ಆ ಹುಡುಗಿ, ಜಡೆಯ ನೀರು ಹಿಂಡುತ್ತಾ.

ಸಾಲು ಕದಲಿತು. ಎಲ್ಲರೂ ಕ್ಲಾಸಿನ ಕಡೆಗೆ ಹೊರಟರು. ಹರಿಣಿ ಆ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡಳು. ಇವತ್ತು ಅಪ್ಪ ಶಾಲೆ ಹೇಗಿತ್ತು ಎಂದು ಕೇಳಿದರೆ, ಕಳಿಸಲು ಹಳದಿ ಹೆಬ್ಬೆರಳಿಗಿಂತ ಬೇರೆ ಏನೋ ಅವಳ ಬಳಿ ಇತ್ತು.